ವೈದ್ಯೆ ಎಲಿಜಬೇತ್ ಬ್ಲ್ಯಾಕ್‌ವೆಲ್ಲಳೂ ಆಕೆಯ ಒಡಹುಟ್ಟಿದವರೂ

ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ 1821ನೆಯ ಇಸವಿ ಫೆಬ್ರವರಿ 3ನೆಯ ತಾರೀಖು ಹುಟ್ಟಿ, ಅಮೇರಿಕದಲ್ಲಿ ವೈದ್ಯಪದವಿಯನ್ನು ಪಡೆದ ಸ್ತ್ರೀಯರಲ್ಲಿ ಮೊದಲನೆಯವಳೆಂದು ಕೀರ್ತಿಗೊಂಡ ಎಲಿಜಬೇತ್ ಬ್ಲ್ಯಾಕ್‌ವೆಲ್ಲಳ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ಕೇಳಿರಬಹುದು. ಆಕೆಯು ವಿದ್ಯಾರ್ಜನೆಗಾಗಿ ಪಟ್ಟ ಕಷ್ಟಗಳನ್ನು ವರ್ಣಿಸುವವರು ಬಹಳ ಮಂದಿ ಇದ್ದಾರೆ. ಆದರೆ ಆಯುಷ್ಯವನ್ನು ಅಟ್ಲಾಂಟಿಕ್ ಸಾಗರದ ಎರಡು ದಡಗಳಿಗೂ ಹಂಚಿಕೊಟ್ಟ ಈಕೆಯು ಒಡಹುಟ್ಟಿದವರ ಸಂಬಂಧವನ್ನು ಹೇಗೆ ಕಾಪಾಡಿಕೊಂಡಳೆಂಬುದನ್ನು ಹೇಳುವವರು ಕಡಮೆ. ಭಾನುವಾರ ಬಂತೆಂದರೆ ಮನೆಯವರ ಧ್ವನಿಯನ್ನು ಕೇಳುವುದಕ್ಕಾಗಿ ದೂರವಾಣಿಯ ಮುಂದೆ ಸಾಲುಗಟ್ಟಿ ನಿಲ್ಲುವ ನಮ್ಮ ವಸತಿಗೃಹದ ಹುಡುಗಿಯರಿಗೆ ಆ ಭಾಗವೇ ಹೆಚ್ಚು ಹಿಡಿಸೀತೆಂದು ತೋರಿ, ಅದನ್ನೇ ಇಲ್ಲಿ ಬರೆಯುತ್ತೇನೆ.

ತಂದೆಯಾದ ಸ್ಯಾಮ್ಯುಯೆಲ್ ಬ್ಲ್ಯಾಕ್‌ವೆಲ್ಲನು ಸಕ್ಕರೆಯನ್ನು ಶುದ್ಧಿಮಾಡುವ ಕಾರ್ಖಾನೆಯನ್ನು ನಡೆಯಿಸುತ್ತಿದ್ದನು. ಆ ಕಾಲದಲ್ಲಿ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಗುಲಾಮಗಿರಿಯನ್ನು ಮನಃಪೂರ್ವಕವಾಗಿ ದ್ವೇಷಿಸುತ್ತಿದ್ದ ಈತನ ಜೀವನವು ಗುಲಾಮರ ಬೆವರಿನಿಂದಲೇ ಸಾಗಬೇಕಾಗಿತ್ತು. ಮಕ್ಕಳಾದರೋ ತಂದೆಯ ಮಾತುಗಳನ್ನು ಕೇಳಿ ಕೇಳಿ, ಸಕ್ಕರೆಯನ್ನು ತಿನ್ನುವುದನ್ನೇ ಬಿಟ್ಟರು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದರೆ ಈ ಪಾಪದಿಂದ ಬಿಡುಗಡೆಯಾದೀತೆಂಬುದು ತಂದೆಯ ಆಶೆ. ವ್ಯಾಪಾರವು ಕುಗ್ಗಲು, 1832ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆತನು ಹೆಂಡತಿ ಹನ್ನಾಳನ್ನೂ ಎಂಟು ಮಂದಿ ಮಕ್ಕಳನ್ನೂ ಕರೆದುಕೊಂಡು ‘ಕಾಸ್ಮೊ’ ಎಂಬ ಹಾಯಿಹಡಗನ್ನು ಹತ್ತಿದನು. ಮಕ್ಕಳ ಸೋದರತ್ತೆಯರೂ ಉಪಾಧ್ಯಾಯಿನಿಯೂ ಜೊತೆಯಲ್ಲಿ ಹೊರಟರು. ನ್ಯೂಯಾರ್ಕ್ ಸೇರಲು ಏಳು ವಾರಗಳಿಗೂ ಮೀರಿ ಹಿಡಿಯಿತು. ಒಂಬತ್ತನೆಯ ಮಗುವು ಹೊಸ ನಾಡಿನಲ್ಲಿಯೇ ಹುಟ್ಟಿತು. ಅದಕ್ಕೆ ಜಾರ್ಜ್ ವಾಷಿಂಗ್‌ಟನ್ ಎಂದು ಹೆಸರಿಟ್ಟರು.

1838ರಲ್ಲಿ ಕುಟುಂಬವು ಪಶ್ಚಿಮದ ಸಿನ್ಸಿನಾಟಿಗೆ ಹೋಯಿತು. ಅಲ್ಲಿ ಕಾಲಿಟ್ಟ ಕೆಲವೇ ವಾರಗಳಲ್ಲಿ ತಂದೆಯು ಜ್ವರದಿಂದ ತೀರಿಕೊಂಡನು. ಕೈಯಲ್ಲಿ ಹಣವಿಲ್ಲ, ಹತ್ತಿರದಲ್ಲಿ ಬಂಧುಗಳಿಲ್ಲ. ತಾಯಿಯೂ ಹಿರಿಯ ಹೆಣ್ಣುಮಕ್ಕಳೂ ಕೂಡಿ ಒಂದು ಶಾಲೆಯನ್ನು ತೆರೆದು ಕಿರಿಯರನ್ನು ಸಾಕಿದರು. ಈ ಕುಟುಂಬದವರು ಮುಂದೆ ದೇಶದೇಶಗಳಿಗೆ ಚದರಿಹೋದಾಗಲೂ ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಂಡುದಕ್ಕೆ ಆ ವರ್ಷದ ದುಃಖವೇ ಕಾರಣವಾಗಿರಬೇಕೆಂದು ನಾನು ಎಣಿಸುತ್ತೇನೆ.

ಎಲಿಜಬೇತಳಿಗೆ ವೈದ್ಯವಿದ್ಯೆಯ ಯೋಚನೆಯನ್ನು ಹುಟ್ಟಿಸಿದವಳು ಮರಣಶಯ್ಯೆಯಲ್ಲಿದ್ದ ಒಬ್ಬ ಸ್ನೇಹಿತೆ. ತನ್ನ ರೋಗಕ್ಕೆ ಸ್ತ್ರೀವೈದ್ಯೆಯೊಬ್ಬಳು ದೊರೆತಿದ್ದರೆ ಸಂಕಟವು ಎಷ್ಟೋ ಕಡಮೆಯಾಗುತ್ತಿತ್ತೆಂದು ಅವಳು ಹೇಳಿಕೊಂಡಳು. ಅನೇಕ ಕಾಲೇಜುಗಳು ನಿರಾಕರಿಸಿದ ಮೇಲೆ, 1847ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಊರಿನ ಕಾಲೇಜಿನ ಅಧ್ಯಾಪಕರು ನಿರ್ಣಯವನ್ನು ವಿದ್ಯಾರ್ಥಿಗಳಿಗೇ ಬಿಟ್ಟರು; ಅವರು ಅದನ್ನು ಪರಿಹಾಸ್ಯವೆಂದು ತಿಳಿದು ಒಪ್ಪಿಗೆ ಕೊಟ್ಟರು. 1849ನೆಯ ಇಸವಿ ಜನವರಿ 23ರಂದು ಆಕೆಯು ತರಗತಿಗೆ ಮೊದಲನೆಯವಳಾಗಿ ಪದವಿ ಪಡೆದಾಗ ಸಭೆಯಲ್ಲಿ ಮನೆಯವರ ಪೈಕಿ ತಮ್ಮನಾದ ಹೆನ್ರಿ ಕುಳಿತಿದ್ದನು. ಅಲ್ಲಿ ಕಂಡುದನ್ನೆಲ್ಲ ಆತನು ಮನೆಗೆ ಬರೆದು ತಿಳಿಸಿದನು.

ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೇರಿಕದ ಪೌರತ್ವವನ್ನು ಪಡೆದು, ಅದಾದ ಕೆಲವು ದಿನಗಳಲ್ಲಿಯೇ ಇಂಗ್ಲೆಂಡಿನ ಬಂಧುವಾದ ಕೆನ್ಯನ್ ಬ್ಲ್ಯಾಕ್‌ವೆಲ್ಲನೊಡನೆ ಹುಟ್ಟಿದ ನಾಡಿಗೆ ಹಡಗು ಹತ್ತಿದಳು. ಶಸ್ತ್ರವೈದ್ಯೆಯಾಗಬೇಕೆಂಬುದು ಆಕೆಯ ಹಂಬಲ. ಪ್ಯಾರಿಸ್ಸಿನ ಹೆರಿಗೆಯ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದಾಗ, ನವೆಂಬರ್ 4ರಂದು ಕಣ್ಣುಬೇನೆಯ ಶಿಶುವೊಂದಕ್ಕೆ ಶುಶ್ರೂಷೆ ಮಾಡುತ್ತಿರಲು ಕೀವುನೀರು ಆಕೆಯ ಕಣ್ಣಿಗೇ ಸಿಡಿಯಿತು. ಎಡಗಣ್ಣು ಹೋಯಿತು, ಶಸ್ತ್ರವೈದ್ಯದ ಆಶೆಯೂ ಅದರೊಡನೆ ಹೋಯಿತು. ಎರಡು ಕಣ್ಣುಗಳನ್ನೂ ಮುಚ್ಚಿಕೊಂಡು ಮಲಗಿದ್ದ ಆ ದಿನಗಳಲ್ಲಿ, ಪ್ಯಾರಿಸ್ಸಿನಲ್ಲಿಯೇ ವಾಸವಾಗಿದ್ದ ಅಕ್ಕ ಆನ್ನಾಳು ಪ್ರತಿದಿನವೂ ಮೂರು ಸಾರಿ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದಳು. ತಾಯಿಯು ಸಾವಿರಾರು ಮೈಲಿಗಳಾಚೆ ಇದ್ದಳು.

1851ರಲ್ಲಿ ನ್ಯೂಯಾರ್ಕಿಗೆ ಹಿಂದಿರುಗಿದ ಆಕೆಗೆ ಮನೆ ಬಾಡಿಗೆಗೆ ಕೊಡುವವರೂ ವಿರಳ, ರೋಗಿಗಳೂ ವಿರಳ. ಈ ಒಂಟಿತನವನ್ನು ತಾಳಲಾರದೆ, 1854ರಲ್ಲಿ ವಲಸೆಗಾರರ ಅನಾಥಾಲಯದಿಂದ ಕ್ಯಾಥರೀನ್ ಬ್ಯಾರಿ ಎಂಬ, ಸುಮಾರು ಏಳು ವರ್ಷದ ಐರಿಷ್ ಹುಡುಗಿಯೊಬ್ಬಳನ್ನು ಮನೆಗೆ ತಂದುಕೊಂಡಳು. ಅವಳನ್ನು ಕಿಟ್ಟಿಯೆಂದು ಕರೆಯುತ್ತಿದ್ದರು. (ನಮ್ಮ ಕಡೆ ಕಿಟ್ಟಿಯೆಂದರೆ ಗಂಡುಹುಡುಗನಾದರೂ ಅಲ್ಲಿ ಅದು ಹೆಣ್ಣುಮಕ್ಕಳ ಮುದ್ದಿನ ಹೆಸರು.) ಒಂದು ದಿನ ಮನೆಗೆ ಬಂದ ಗಂಡಸೊಬ್ಬರನ್ನು ಡಾಕ್ಟರ್ ಎಂದು ಸಂಬೋಧಿಸಿದುದನ್ನು ಕೇಳಿ ಆ ಮಗುವು ಬೆರಗಾಯಿತಂತೆ; ಡಾಕ್ಟರ್ ಎಂದರೆ ಹೆಂಗಸರು ಮಾತ್ರವೆಂದೇ ಅದು ತಿಳಿದಿತ್ತು!

ತಂಗಿಯಾದ ಎಮಿಲಿಯೂ 1854ರಲ್ಲಿ ವೈದ್ಯೆಯಾಗಿ, ಎಡಿನ್‌ಬರೋ ಪಟ್ಟಣದಲ್ಲಿ ಡಾಕ್ಟರ್ ಸಿಂಪ್ಸನ್ನನ ಬಳಿ ಕಲಿತು ಬಂದಳು. 1857ನೆಯ ಇಸವಿ ಮೇ 12ರಂದು ಅಕ್ಕತಂಗಿಯರಿಬ್ಬರೂ ಮೇರಿ ಜಕ್ರಜೆವ್‌ಸ್ಕಾ ಎಂಬ ವೈದ್ಯೆಯೂ ಸೇರಿ ಬಡ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. 1868ರಲ್ಲಿ ಸ್ತ್ರೀಯರಿಗಾಗಿ ವೈದ್ಯ ಕಾಲೇಜೂ ಆರಂಭವಾಯಿತು. ಈ ಮಧ್ಯೆ 1859ರಲ್ಲಿ ಎಲಿಜಬೇತಳ ಹೆಸರು ಬ್ರಿಟನ್ನಿನ ವೈದ್ಯರ ಪಟ್ಟಿಗೂ ಸೇರಿತ್ತು. ಆ ಪಟ್ಟಿಯಲ್ಲಿ ಆಕೆಯೇ ಮೊದಲ ಸ್ತ್ರೀ.

1869ರಲ್ಲಿ ಎಲಿಜಬೇತಳು ಎಲ್ಲವನ್ನೂ ಎಮಿಲಿಗೆ ಒಪ್ಪಿಸಿ ಇಂಗ್ಲೆಂಡಿಗೆ ಹೊರಟುಹೋದಳು. ಲಂಡನ್ನಿನಲ್ಲಿ 1874ರಲ್ಲಿ ಸ್ಥಾಪಿತವಾದ ಸ್ತ್ರೀಯರ ವೈದ್ಯಶಾಲೆಗೆ ಆಕೆಯ ನೆರವು ದೊರೆಯಿತು. ಮುಂಬಯಿಯ ರಖ್ಮಾಬಾಯಿಯವರು ತರುವಾಯ ಕಲಿತುದು ಆ ಶಾಲೆಯಲ್ಲಿಯೇ. ಆದರೆ ನ್ಯೂಯಾರ್ಕಿನ ಭಾರವನ್ನು ಮೂವತ್ತು ವರ್ಷ ಹೊತ್ತವಳು ಎಮಿಲಿ. ಹಿರಿಯಳಿಗೆ ಕೀರ್ತಿ, ಕಿರಿಯಳಿಗೆ ದುಡಿಮೆ ಎಂಬುದು ನಮ್ಮ ಮನೆಗಳಲ್ಲಿಯೂ ನಡೆಯುವುದೇ. ಎಮಿಲಿಗೆ ಸಲ್ಲಬೇಕಾದುದು ಇನ್ನೂ ಸಂದಿಲ್ಲವೆಂದು ನನ್ನ ಅಭಿಪ್ರಾಯ. 1899ರಲ್ಲಿ ಕಾರ್ನೆಲ್ ವಿದ್ಯಾಪೀಠವು ಸ್ತ್ರೀಯರನ್ನು ಸೇರಿಸಿಕೊಂಡುದರಿಂದ ತನ್ನ ಕಾಲೇಜಿನ ಅಗತ್ಯವು ತೀರಿತೆಂದು ತಿಳಿದು, ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕಳುಹಿಸಿ ಎಮಿಲಿಯು ಕಾಲೇಜನ್ನು ಮುಚ್ಚಿದಳು. ಅದೇ 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದ ಮೊದಲ ಸ್ತ್ರೀಯರಲ್ಲಿ ವೆಲ್ಲೂರಿನ ಆಸ್ಪತ್ರೆಯನ್ನು ಕಟ್ಟಿದ ಈಡಾ ಸ್ಕಡ್ಡರಮ್ಮನವರೂ ಒಬ್ಬರು.

ಇಷ್ಟು ವರ್ಷಗಳ ಕಾಲ ಅಕ್ಕತಂಗಿಯರನ್ನು ಕಟ್ಟಿದ್ದ ದಾರವು ಕಾಗದವೊಂದೇ. ಉಗಿಹಡಗುಗಳಲ್ಲಿ ಅದು ತಲಪಲು ಹತ್ತು ಹದಿನೈದು ದಿನ. 1866ರಲ್ಲಿ ಸಮುದ್ರದ ತಳದ ತಂತಿಯು ಸ್ಥಿರಪಟ್ಟರೂ ಒಂದೊಂದು ಶಬ್ದಕ್ಕೂ ವಿಪರೀತ ದರವಿದ್ದುದರಿಂದ ಮನೆಮಾತಿಗೆ ಅದು ಒದಗುವಂತಿರಲಿಲ್ಲ. ಐವರು ಸೋದರಿಯರಲ್ಲಿ ಯಾರೂ ಮದುವೆಯಾಗಲಿಲ್ಲ. ಸೋದರರ ಪೈಕಿ ಹೆನ್ರಿಯು ಸ್ತ್ರೀಯರ ಹಕ್ಕಿಗಾಗಿ ಹೋರಾಡಿದ ಲೂಸಿ ಸ್ಟೋನಳನ್ನೂ, ಸ್ಯಾಮ್ಯುಯೆಲನು ಅಮೇರಿಕದಲ್ಲಿ ಬೋಧಕಪಟ್ಟವನ್ನು ಪಡೆದ ಮೊದಲ ಸ್ತ್ರೀಯಾದ ಆಂಟೊಯ್ನೆಟ್ ಬ್ರೌನಳನ್ನೂ ಮದುವೆಯಾದರು. ಹೆನ್ರಿಯ ಮಗಳಾದ ಆಲಿಸಳಿಗೂ ಇಂಗ್ಲೆಂಡಿನಲ್ಲಿದ್ದ ಕಿಟ್ಟಿಗೂ ಕಾಗದಗಳು ಓಡಾಡುತ್ತಲೇ ಇದ್ದವು. ಕಿಟ್ಟಿಯ ವಿಷಯದಲ್ಲಿ ಒಂದು ಮಾತನ್ನು ಮರೆಮಾಚಲಾರೆ. ಅವಳು ಮಗಳೂ ಹೌದು, ಮನೆಗೆಲಸದವಳೂ ಹೌದು, ಲೇಖಕಳೂ ಹೌದು. ಅವಳಿಗೆ ತನ್ನದೇ ಆದ ಬಾಳೊಂದು ಬೇಕಿತ್ತೇ ಎಂದು ಡಾಕ್ಟರಳು ಆಲೋಚಿಸಿದಂತೆ ಕಾಣುವುದಿಲ್ಲ. ಕಿವಿಯೂ ಮಂದವಾಗಿದ್ದ ಆ ಹೆಂಗಸು ಕಡೆಯವರೆಗೂ ಅವಳನ್ನು ಬಿಡಲಿಲ್ಲ.

ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನ ‘ರಾಕ್ ಹೌಸ್’ ಎಂಬ ಮನೆಯಲ್ಲಿ ಇವರಿಬ್ಬರೂ ಬಾಳಿದರು. 1906ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಎಲಿಜಬೇತಳು ಕೊನೆಯ ಸಾರಿ ಅಮೇರಿಕಕ್ಕೆ ಹೋಗಿ ಒಡಹುಟ್ಟಿದವರನ್ನು ನೋಡಿದಳು. ಆಗ ಮೋಟಾರು ಗಾಡಿಯನ್ನೂ ಮೊದಲ ಬಾರಿಗೆ ಹತ್ತಿದಳಂತೆ. ಮರುವರ್ಷ ಸ್ಕಾಟ್ಲೆಂಡಿನ ಕಿಲ್‌ಮನ್ ಎಂಬ ಹಳ್ಳಿಯಲ್ಲಿ ಮೆಟ್ಟಿಲುಗಳಿಂದ ಬಿದ್ದ ಮೇಲೆ ಮೊದಲಿನಂತಾಗಲಿಲ್ಲ. 1909ರ ಸೆಪ್ಟೆಂಬರಿನಲ್ಲಿ ಹೆನ್ರಿಯು ಅಮೇರಿಕದಲ್ಲಿ ತೀರಿಕೊಂಡನು. 1910ನೆಯ ಇಸವಿ ಮೇ 31ರಂದು ಎಲಿಜಬೇತಳು ಹೇಸ್ಟಿಂಗ್ಸಿನಲ್ಲಿ ಪ್ರಾಣಬಿಟ್ಟಳು. ಆ ಸೆಪ್ಟೆಂಬರಿನಲ್ಲಿಯೇ ಎಮಿಲಿಯು ಅಮೇರಿಕದ ಮೇನ್ ಪ್ರಾಂತದಲ್ಲಿ ಅಕ್ಕನನ್ನು ಹಿಂಬಾಲಿಸಿದಳು. ಎಲಿಜಬೇತಳ ಸಮಾಧಿಯು ಕಿಲ್‌ಮನ್ನಿನ ದೇವಾಲಯದ ಅಂಗಳದಲ್ಲಿದೆ.

ಒಬ್ಬಂಟಿಯಾದ ಕಿಟ್ಟಿಯು ಕೆಲವು ವರ್ಷಗಳ ನಂತರ, ಮುಪ್ಪಿನಲ್ಲಿ, ಸಮುದ್ರವನ್ನು ದಾಟಿ ಆಲಿಸಳ ಮನೆಯನ್ನು ಸೇರಿದಳು. 1936ರಲ್ಲಿ ಸಾಯುವಾಗ, ತನ್ನ ಬೂದಿಯನ್ನು ಡಾಕ್ಟರಳ ಬಳಿಯಲ್ಲಿಯೇ ಇಡಬೇಕೆಂದು ಕೇಳಿಕೊಂಡಳು. ಆಲಿಸಳು ಸೋದರತ್ತೆಯರ ಕಾಗದಗಳಲ್ಲಿ ಯಾವುದನ್ನೂ ಹಗುರವೆಂದು ಎಣಿಸದೆ ಪೆಟ್ಟಿಗೆಗಳಲ್ಲಿ ಕಾದಿಟ್ಟಳು. ಅವು ಈಗ ವಾಷಿಂಗ್‌ಟನ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ, ಹಾರ್ವರ್ಡ್ ವಿದ್ಯಾಪೀಠದ ಶ್ಲೆಸಿಂಜರ್ ಗ್ರಂಥಾಲಯದಲ್ಲಿಯೂ ಇವೆ.