ಲಾಂಛನವನ್ನು ಓದಿದ ಫ್ಲೀಟರು

ಕನ್ನಡ ನಾಡಿನ ಪ್ರಾಚೀನ ಇತಿಹಾಸವನ್ನು ಕಲ್ಲು ತಾಮ್ರಗಳ ಮೌನದಿಂದ ಬಿಡಿಸಿ ತೆಗೆದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟರದು ಅಗ್ರಪಂಕ್ತಿಯ ಹೆಸರು. ಕಿಟ್ಟೆಲರನ್ನು ನಿಘಂಟಿನ ಮೂಲಕವೂ ರೈಸರನ್ನು ಮೈಸೂರು ಸೀಮೆಯ ಶಾಸನ ಸಂಪುಟಗಳ ಮೂಲಕವೂ ಸ್ಮರಿಸುವ ನಾವು ಫ್ಲೀಟರನ್ನು ಬಹುಮಟ್ಟಿಗೆ ಅಡಿಟಿಪ್ಪಣಿಗಳಲ್ಲಿಯೇ ಸಂಧಿಸುತ್ತೇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನ ಸೀಮೆಯಂತೂ ಅವರಿಗೆ ವಿಶೇಷವಾಗಿ ಋಣಿಯಾಗಿದೆ.

1847ರಲ್ಲಿ ಜನಿಸಿದ ಫ್ಲೀಟರು ಲಂಡನ್ನಿನಲ್ಲಿ ಗೋಲ್ಡ್‌ಸ್ಟೂಕರ್ ಪಂಡಿತರಿಂದ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರಾದರು. ಇಂದಿನ ಹಾವೇರಿ ಜಿಲ್ಲೆಯ ಬಹುಪಾಲು ನೆಲ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಅದೇ ಸೀಮೆಯಲ್ಲಿ ಸರ್ ವಾಲ್ಟರ್ ಎಲಿಯಟ್ಟರು ಹಿಂದೆಯೇ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದ್ದರು. ಆ ಅಡಿಪಾಯದ ಮೇಲೆ ಫ್ಲೀಟರು ಹಳಗನ್ನಡದ ಲಿಪಿಯನ್ನೂ ಛಂದಸ್ಸನ್ನೂ ವಶಮಾಡಿಕೊಂಡು ಮುನ್ನಡೆದರು.

ಅಂದಿನ ಕರಜಗಿ ತಾಲ್ಲೂಕಿನ ದೇವಗಿರಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಅವರು ಪ್ರಕಟಿಸಿದರು. ಅವುಗಳಲ್ಲಿ ಮೃಗೇಶವರ್ಮನ ಆಳ್ವಿಕೆಯ ವರ್ಷಗಳುಂಟೇ ಹೊರತು ಶಕವರ್ಷವಿಲ್ಲ. ಕಾಲವನ್ನು ಅಕ್ಷರಗಳ ಆಕಾರದಿಂದ, ಭಾಷೆಯಿಂದ, ವಂಶಾವಳಿಯಿಂದ ಊಹಿಸಬೇಕು. ವಸ್ತುವೇ ತನ್ನ ಹುಟ್ಟನ್ನು ಹೇಳದಿದ್ದಾಗ ಅದರ ಮೈಮೇಲಿನ ಪ್ರತಿಯೊಂದು ಗೆರೆಯನ್ನೂ ಸಾಕ್ಷಿಯೆಂದು ಕರೆಯಬೇಕಾಗುತ್ತದೆ. ಈ ವಿದ್ಯೆಯಲ್ಲಿ ಫ್ಲೀಟರು ನಿಷ್ಣಾತರು.

ಅರಸುಮನೆತನಗಳ ಲಾಂಛನ ಬೇರೆ, ಧ್ವಜ ಬೇರೆ ಎಂಬುದನ್ನು ಅವರು ಸ್ಪಷ್ಟಪಡಿಸಿದರು. ಲಾಂಛನವು ತಾಮ್ರಪಟದ ಮುದ್ರೆಯಲ್ಲಿಯೂ ನಾಣ್ಯದಲ್ಲಿಯೂ ಒತ್ತುವ ಗುರುತು. ಧ್ವಜವು ಸೇನೆಯ ಮುಂದೆ ಹಾರುವ ಪತಾಕೆ. ಇದು ಬರಿಯ ಪದಗಳ ಭೇದವಲ್ಲ. ಹಾನಗಲ್ಲಿನ ಕದಂಬರಿಗೂ ಸಿಂಹವೇ ಲಾಂಛನ. ಹಾವೇರಿಗೆ ಸಮೀಪದ ಗುತ್ತಲದ ಗುತ್ತರಿಗೂ ಸಿಂಹವೇ ಲಾಂಛನ. ಸಿಂಹವನ್ನು ಕಂಡ ಮಾತ್ರಕ್ಕೆ ಇದು ಕದಂಬರದು ಎಂದವನು ಎಡವುತ್ತಾನೆ. ಧ್ವಜವನ್ನು ನೋಡಿದಾಗ ಗಂಟು ಬಿಚ್ಚಿಕೊಳ್ಳುತ್ತದೆ: ಕದಂಬರದು ವಾನರಧ್ವಜ, ಗುತ್ತರದು ಆಲದ ಮರ ಮತ್ತು ಗರುಡನ ಧ್ವಜ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರ ದೇಗುಲದ ಶಾಸನಗಳಲ್ಲಿ ಈ ಗುತ್ತರ ಕೀರ್ತಿ ಇಂದಿಗೂ ನಿಂತಿದೆ.

ಗುತ್ತರು ತಮ್ಮನ್ನು ಉಜ್ಜಯಿನಿಯ ಒಡೆಯರೆಂದೂ ಚಂದ್ರಗುಪ್ತನ ಕುಲದವರೆಂದೂ ಹೇಳಿಕೊಂಡರು. ಉತ್ತರದ ಗುಪ್ತ ಸಾಮ್ರಾಟರ ಮುದ್ರೆಯಲ್ಲಿಯೂ ಗರುಡನಿದ್ದಾನೆ. 1883ರಲ್ಲಿ ಭಾರತ ಸರ್ಕಾರದ ಶಾಸನತಜ್ಞರಾಗಿ ನೇಮಕಗೊಂಡು, 1888ರಲ್ಲಿ ಗುಪ್ತರ ಶಾಸನಗಳ ಸಂಪುಟವನ್ನು ಹೊರತಂದವರೂ ಈ ಫ್ಲೀಟರೇ. ಗುತ್ತಲದ ಗರುಡನನ್ನೂ ಗುಪ್ತರ ಗರುಡನನ್ನೂ ಒಬ್ಬನೇ ವಿದ್ವಾಂಸನು ಓದಿದ್ದು ಒಂದು ಯೋಗವೇ ಸರಿ. ಆದರೆ ಗುರುತಿನ ಸಾಮ್ಯವು ರಕ್ತಸಂಬಂಧಕ್ಕೆ ಪ್ರಮಾಣವಾಗದು. ಹಾಗೆ ಹೇಳಿಕೊಳ್ಳುವ ಅಭಿಮಾನಕ್ಕೆ ಮಾತ್ರ ಪ್ರಮಾಣ.

ದೂರದ ಜಪಾನಿನಲ್ಲಿಯೂ ಇದೇ ಸಮಸ್ಯೆ. ಅಲ್ಲಿನ ಕತ್ತಿಗಳಲ್ಲಿ ಅಲಗಿಗೂ ಹಿಡಿಗೂ ನಡುವೆ ಕೈಯ ರಕ್ಷಣೆಗಾಗಿ ತ್ಸುಬಾ ಎಂಬ ಲೋಹದ ಬಿಲ್ಲೆಯಿರುತ್ತದೆ. ಅದರ ಮೇಲೆ ಸೇವಂತಿಗೆಯನ್ನೋ ಬೇರೊಂದು ಕುಲಚಿಹ್ನೆಯನ್ನೋ ಕೊರೆದಿರುವುದುಂಟು. ಆದರೆ ಅದೇ ಚಿಹ್ನೆಯನ್ನು ಬರಿಯ ಅಲಂಕಾರಕ್ಕಾಗಿ ಕೊರೆದವರೂ ಉಂಟು. ಆದುದರಿಂದ ಬಲ್ಲವರು ಚಿಹ್ನೆಯೊಂದನ್ನೇ ನಂಬದೆ ಕಬ್ಬಿಣದ ಗುಣ, ಕೆಲಸದ ರೀತಿ, ಅಲಗಿನ ರಂಧ್ರದ ಬದಿಯಲ್ಲಿ ಕಮ್ಮಾರನು ಕೊರೆದ ಹೆಸರು ಇವೆಲ್ಲವನ್ನೂ ಕೂಡಿಸಿ ಮೂಲವನ್ನು ನಿರ್ಣಯಿಸುತ್ತಾರೆ. ಆ ಹೆಸರೂ ಕೃತಕವಾಗಿರಬಹುದು.

ಕೃತಕ ಶಾಸನಗಳ ವಿಷಯದಲ್ಲಿ ಫ್ಲೀಟರು ನಿರ್ದಾಕ್ಷಿಣ್ಯವಾದಿಗಳು. ಭೂಮಿಯ ಹಕ್ಕಿಗಾಗಿ ಹಿಂದಿನ ಅರಸರ ಹೆಸರಿನಲ್ಲಿ ಪಟಗಳನ್ನು ಸೃಷ್ಟಿಸಿದವರಿದ್ದರು. 1901ರಲ್ಲಿ ಅಂಥ ದಾಖಲೆಗಳನ್ನು ಕುರಿತೇ ಅವರು ಒಂದು ಲೇಖನ ಬರೆದರು. ತಲಕಾಡಿನ ಗಂಗರ ಆದಿಕಾಲದ ತಾಮ್ರಪಟಗಳನ್ನು ಅವರು ಖೋಟಾ ಎಂದು ತಳ್ಳಿಹಾಕಿದಾಗ, ಅವನ್ನು ನಂಬಿ ಪ್ರಕಟಿಸಿದ್ದ ರೈಸರೊಡನೆ ದೀರ್ಘವಾದ ವಾದ ನಡೆಯಿತು. ಪಣದಲ್ಲಿದ್ದದ್ದು ಕನ್ನಡ ನಾಡಿನ ಒಂದು ರಾಜವಂಶದ ಹಲವು ತಲೆಮಾರುಗಳ ಚರಿತ್ರೆ.

ಇಷ್ಟು ಕಠಿಣ ಪರೀಕ್ಷಕರಾದ ಇವರೇ ಹಳ್ಳಿಯ ಗಾಯಕರ ಮುಂದೆ ವಿನಮ್ರ ಶ್ರೋತೃಗಳಾಗಿದ್ದರು. ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಹಾಡುವ ಲಾವಣಿಗಳನ್ನು ಬರೆದುಕೊಂಡು 1885ರಿಂದ ಪ್ರಕಟಿಸಿದರು. ತಾವು ಸೇವೆಸಲ್ಲಿಸುತ್ತಿದ್ದ ಸರ್ಕಾರದ ವಿರುದ್ಧ ಎದ್ದವರ ಹಾಡುಗಳನ್ನು ಅದೇ ಸರ್ಕಾರದ ಅಧಿಕಾರಿಯೊಬ್ಬರು ಉಳಿಸಿಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥ ಮೊದಲು 1882ರಲ್ಲಿ ಬಂದು, ಆಮೇಲೆ ಪರಿಷ್ಕಾರ ಹೊಂದಿ 1896ರ ಮುಂಬಯಿ ಗ್ಯಾಝೆಟಿಯರಿನಲ್ಲಿ ಸೇರಿತು. 1897ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಮೇಲೆಯೂ ಅಧ್ಯಯನ ನಿಲ್ಲಲಿಲ್ಲ. ಪೆನುಕೊಂಡೆಯ ಗಂಗ ತಾಮ್ರಪಟಗಳು ಬೆಳಕಿಗೆ ಬಂದಾಗ ಅವನ್ನು ಪರಿಶೀಲಿಸಿ, 1915ರಲ್ಲಿ, ಇದು ನಿಜವಾದ ದಾಖಲೆಯೆಂದು ಒಪ್ಪಿಕೊಂಡರು. ಜೀವಮಾನದ ವಾದಕ್ಕಿಂತ ಕಣ್ಣ ಮುಂದಿನ ಪಟದ ಸಾಕ್ಷ್ಯ ಅವರಿಗೆ ಹಿರಿದಾಯಿತು. ಎರಡು ವರ್ಷಗಳ ತರುವಾಯ, 1917ರಲ್ಲಿ ಅವರು ತೀರಿಕೊಂಡರು.

ನಮ್ಮ ಊರುಗಳ ದೇಗುಲದ ಗೋಡೆಗೆ ಒರಗಿದ ಕಲ್ಲುಗಳಲ್ಲಿ ಸಿಂಹಗಳಿನ್ನೂ ಇವೆ. ಅದು ಯಾರ ಸಿಂಹ ಎಂದು ಕೇಳುವ ವಿದ್ಯಾರ್ಥಿಯು ಉತ್ತರಕ್ಕೆ ಅವಸರಪಡದೆ ಕೆಳಗಿನ ಸಾಲುಗಳನ್ನೂ ಓದುವುದಾದರೆ, ಅವನು ಫ್ಲೀಟರ ಶಿಷ್ಯನೇ.