ವಿದ್ಯುತ್ತಿಗೆ ಲೆಕ್ಕ ಬರೆದ ಮೈಕೇಲ್ ಫ್ಯಾರಡೆ

ಕಾರ್ಖಾನೆಯ ಚಿಮಣಿಯಿಂದಲೂ ಹೋಟೆಲಿನ ಒಲೆಯಿಂದಲೂ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ವಿದ್ಯುತ್ತಿನ ಸಹಾಯದಿಂದ ಉಪಯುಕ್ತ ವಸ್ತುಗಳನ್ನಾಗಿ ಮಾರ್ಪಡಿಸಲು ಇಂದು ಹಲವು ದೇಶಗಳ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಅವರ ಸೋಲು ಗೆಲುವುಗಳನ್ನು ಅಳೆಯುವ ಮಾನಕ್ಕೆ ಒಬ್ಬ ಬಡ ಕಮ್ಮಾರನ ಮಗನ ಹೆಸರಿದೆ. ಆತನೇ ಮೈಕೇಲ್ ಫ್ಯಾರಡೆ.

ಫ್ಯಾರಡೆಯು ೧೭೯೧ನೆಯ ಸೆಪ್ಟೆಂಬರ್ ೨೨ರಂದು ಲಂಡನ್ನಿನ ದಕ್ಷಿಣಕ್ಕಿರುವ ನ್ಯೂವಿಂಗ್ಟನ್ನಿನಲ್ಲಿ ಜನಿಸಿದನು. ತಂದೆಯ ಆರೋಗ್ಯ ಕೆಟ್ಟುದರಿಂದ ಮನೆಯಲ್ಲಿ ಬಡತನ ನೆಲೆಸಿತ್ತು. ಓದು, ಬರಹ, ಅಲ್ಪಸ್ವಲ್ಪ ಲೆಕ್ಕ ಇಷ್ಟಕ್ಕೇ ಶಾಲೆ ಮುಗಿಯಿತು. ೧೮೦೪ರಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿ, ಮರುವರ್ಷದಿಂದ ಏಳು ವರ್ಷ ರಟ್ಟು ಕಟ್ಟುವ ಕಸುಬು ಕಲಿತನು. ರಟ್ಟಿಗೆಂದು ಬಂದ ಪುಸ್ತಕಗಳೇ ಆತನಿಗೆ ಕಾಲೇಜಾದವು.

೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಟಿಕೇಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದನು. ಕೇಳಿದುದನ್ನೆಲ್ಲ ಬರೆದು, ತಾನೇ ರಟ್ಟು ಹಾಕಿ, ಡೇವಿಗೆ ಕಳುಹಿಸಿ ಕೆಲಸ ಬೇಡಿದನು. ಮರುವರ್ಷ ಪ್ರಯೋಗಶಾಲೆಯ ಸಹಾಯಕನಾದನು. ಡೇವಿ ದಂಪತಿಗಳೊಡನೆ ಯೂರೋಪ್ ಪ್ರವಾಸ ಹೊರಟಾಗ ಆಳಿನ ಕೆಲಸವೂ ಆತನ ಪಾಲಿಗೆ ಬಂದಿತು. ಡೇವಿಯ ಪತ್ನಿ ಆತನನ್ನು ಆಳೆಂದೇ ಕಂಡಳು. ಮನನೊಂದು ಹಿಂದಿರುಗಲು ಯೋಚಿಸಿದರೂ ವಿದ್ಯೆಯ ಆಸೆ ತಡೆದು ನಿಲ್ಲಿಸಿತು.

ಆತನ ಕೆಲಸ ಬಹುಮುಖವಾದುದು. ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದ ಲೋಹಗಳನ್ನು ಬೆರೆಸಿ ಗುಣವನ್ನು ಪರೀಕ್ಷಿಸಿದನು. ೧೮೨೩ರಲ್ಲಿ ಇಂಗಾಲದ ಡೈಆಕ್ಸೈಡನ್ನು ಒತ್ತಡದಿಂದ ದ್ರವವಾಗಿಸಿದನು. ಶುಭ್ರವಾದ ಪ್ಲಾಟಿನಂ ತಗಡು ತಾನು ಸವೆಯದೆಯೇ ಜಲಜನಕ ಆಮ್ಲಜನಕಗಳನ್ನು ಕೂಡಿಸಿ ನೀರಾಗಿಸುವುದೆಂದೂ, ತಗಡಿನ ಮೇಲೆ ಕೊಳೆಯಿದ್ದರೆ ಆ ಶಕ್ತಿ ಕುಂದುವುದೆಂದೂ ತೋರಿಸಿದನು. ಇಂತಹ ವಸ್ತುವೇ ಇಂದಿನ ವೇಗವರ್ಧಕ.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ೧೮೩೩-೩೪ರ ಶೋಧ. ದ್ರಾವಣದಲ್ಲಿ ಹಾಯ್ದ ವಿದ್ಯುತ್ತು ಎಷ್ಟೋ, ಅದಕ್ಕೆ ತಕ್ಕಷ್ಟೇ ವಸ್ತು ಬೇರ್ಪಡುತ್ತದೆ. ವಿದ್ಯುತ್ತು ಇಮ್ಮಡಿಯಾದರೆ ವಸ್ತುವೂ ಇಮ್ಮಡಿ. ಗಲ್ಲಾದಲ್ಲಿ ಕುಳಿತವನು ಜಮಾ ಖರ್ಚು ತಾಳೆ ನೋಡುವಂತೆ ವಿದ್ಯುತ್ತಿಗೂ ಲೆಕ್ಕವುಂಟೆಂದು ಇದರಿಂದ ಸಿದ್ಧವಾಯಿತು.

ಇಂದಿನ ಪ್ರಯತ್ನಕ್ಕೆ ಈ ಲೆಕ್ಕವೇ ಆಧಾರ. ಹಾಯಿಸಿದ ವಿದ್ಯುತ್ತಿನ ಒಂದು ಪಾಲು ನೀರಿನಿಂದ ಜಲಜನಕ ಬಿಡಿಸುವುದರಲ್ಲೇ ಸೋರಿಹೋಗುತ್ತದೆ. ಬೇಕಾದ ವಸ್ತುವಿಗೆ ಸಂದ ಪಾಲಿಗೆ ಫ್ಯಾರಡೆ ದಕ್ಷತೆಯೆಂದು ಹೆಸರು. ತಾಮ್ರದ ಮೇಲೆ ಈ ಅನಿಲವು ಮೀಥೇನ್, ಎಥಿಲೀನ್‌ಗಳಾಗುವುದೆಂದು ಜಪಾನಿನ ಯೋಶಿಯೋ ಹೋರಿ ಮತ್ತು ಸಂಗಡಿಗರು ೧೯೮೫-೮೬ರಲ್ಲಿ ತೋರಿಸಿದರು. ಆದರೆ ತಾಮ್ರವೊಂದೇ ಇದ್ದರೆ ಹಲವು ವಸ್ತುಗಳು ಬೆರೆತು ಬರುತ್ತವೆ. ಬೆಳ್ಳಿಯು ಮುಖ್ಯವಾಗಿ ಇಂಗಾಲದ ಮಾನಾಕ್ಸೈಡನ್ನು ಮಾತ್ರ ಕೊಡುತ್ತದೆ. ಆದ್ದರಿಂದ ಎರಡು ಲೋಹಗಳನ್ನು ಜೊತೆಗೂಡಿಸುವ ಪ್ರಯೋಗ ನಡೆದಿದೆ. ಒಬ್ಬನು ಹಿಟ್ಟು ರುಬ್ಬಿಕೊಟ್ಟರೆ ಇನ್ನೊಬ್ಬನು ಇಡ್ಲಿ ಬೇಯಿಸುವಂತೆ, ಬೆಳ್ಳಿ ಒದಗಿಸಿದ ಮಾನಾಕ್ಸೈಡನ್ನು ತಾಮ್ರವು ಎಥಿಲೀನ್, ಮದ್ಯಸಾರಗಳಾಗಿ ಮಾರ್ಪಡಿಸುತ್ತದೆ. ಯಾವ ಜೋಡಿ ಮೇಲೆಂಬುದನ್ನು ನಿರ್ಣಯಿಸುವಾಗ ಮೊದಲು ನೋಡುವುದು ಫ್ಯಾರಡೆಯ ಲೆಕ್ಕವನ್ನೇ.

ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದ ಈ ಮಹನೀಯನು ೧೮೬೭ನೆಯ ಆಗಸ್ಟ್ ೨೫ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ತೀರಿಕೊಂಡನು. ಉನ್ನತ ಗಣಿತವನ್ನರಿಯದ ಆತನು ಬರೆದಿಟ್ಟ ಲೆಕ್ಕ ಇಂದಿಗೂ ತಪ್ಪಿಲ್ಲ. ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಪುಸ್ತಕ ಬಿಡಿಸುವ ನಮ್ಮ ಹುಡುಗರು ಈ ಚರಿತ್ರೆಯನ್ನು ನೆನೆದರೆ ದಣಿವು ತುಸು ಹಗುರವಾದೀತು.