ಕುದುರೆ ಸವಾರನನ್ನು ಚಿತ್ರಿಸಿದ ಫರ್ರುಖ್ ಬೇಗ್



ವಿಜಯಪುರಕ್ಕೆ ಪ್ರವಾಸ ಹೋದವರೆಲ್ಲ ಇಬ್ರಾಹಿಂ ರೋಜಾ ನೋಡಿಯೇ ಬರುತ್ತೇವೆ. ಅಲ್ಲಿ ಸಮಾಧಿಯಾಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು. ಅವನು ಕುದುರೆಯೇರಿ, ಡೇಗೆ ಹಕ್ಕಿಯೊಂದಿಗೆ ಬೇಟೆಗೆ ಹೊರಟಿರುವ ಒಂದು ಪುಟ್ಟ ಚಿತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅದು ಫರ್ರುಖ್ ಬೇಗ್ ಅವರ ಕೈಕೆಲಸವೆಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಫರ್ರುಖ್ ಬೇಗ್ ಸುಮಾರು 1545ರಲ್ಲಿ ಜನಿಸಿದರು. ಇರಾನಿ ಶೈಲಿಯಲ್ಲಿ ಪಳಗಿದ ಅವರು ಕಾಬೂಲಿನಲ್ಲಿ ಅಕ್ಬರನ ಮಲಸಹೋದರ ಮಿರ್ಜಾ ಹಕೀಮನ ಆಶ್ರಯದಲ್ಲಿದ್ದರು. 1585ರಲ್ಲಿ ಹಕೀಮ್ ತೀರಿಕೊಂಡಾಗ ಆ ಆಶ್ರಯ ತಪ್ಪಿತು. ಕೈಯಲ್ಲಿದ್ದ ವಿದ್ಯೆ ಮಾತ್ರ ಉಳಿಯಿತು. ಅದೇ ವರ್ಷ ಅಕ್ಬರನ ಆಸ್ಥಾನ ಸೇರಿದರು. ಅಕ್ಬರ್‌ನಾಮಾ ಗ್ರಂಥಕ್ಕಾಗಿ ಅವರು ಬರೆದ, ಕುದುರೆಯ ಮೇಲೆ ಸೂರತ್ ಪ್ರವೇಶಿಸುವ ಅಕ್ಬರನ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಮುಂದೆ ದಖ್ಖನಿಗೆ ಬಂದು ಇಬ್ರಾಹಿಮನ ಆಸ್ಥಾನದಲ್ಲಿ ಕೆಲಸ ಮಾಡಿದರು.

ಇಂಥ ಚಿತ್ರ ಒಂದೇ ಸಲಕ್ಕೆ ಮೂಡುವುದಿಲ್ಲ. ಆ ಕಾಲದ ಚಿತ್ರಶಾಲೆಗಳಲ್ಲಿ ಮೊದಲು ಕಚ್ಚಾ ರೇಖೆಗಳನ್ನು ಎಳೆಯುತ್ತಿದ್ದರು. ಕುದುರೆಯ ಕತ್ತಿನ ಬಾಗು, ಎತ್ತಿದ ಕಾಲು, ಸವಾರ ಕುಳಿತ ಭಂಗಿ, ಮುಖದ ಹೋಲಿಕೆ ಎಲ್ಲವನ್ನೂ ಮತ್ತೆ ಮತ್ತೆ ತಿದ್ದುತ್ತಿದ್ದರು. ತಪ್ಪಿದಲ್ಲಿ ಬಿಳಿ ಬಣ್ಣ ಹಚ್ಚಿ ಪುನಃ ಬರೆಯುತ್ತಿದ್ದರು. ಸರಿಬಂದ ರೇಖೆಯನ್ನು ಜಿಂಕೆಯ ತೆಳು ಚರ್ಮದ ಮೇಲೆ ಇಳಿಸಿ, ಸೂಜಿಯಿಂದ ಸಣ್ಣ ರಂಧ್ರಗಳನ್ನು ಚುಚ್ಚುತ್ತಿದ್ದರು. ಇದಕ್ಕೆ ಚರ್ಬಾ ಎಂದು ಹೆಸರು. ಅದನ್ನು ಕಾಗದದ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕೆಗಳಲ್ಲಿ ಕುದುರೆ ಮೂಡುತ್ತಿತ್ತು. ನಮ್ಮ ಮನೆಗಳಲ್ಲಿ ಕಸೂತಿಗೆ ಬಟ್ಟೆಯ ಮೇಲೆ ನಮೂನೆ ಇಳಿಸುವ ರೀತಿಯೂ ಇದೇ. ಚರ್ಬಾ ತಿರುವಿ ಹಾಕಿದರೆ ಅದೇ ಕುದುರೆ ಎದುರು ದಿಕ್ಕಿಗೆ ಮುಖ ಮಾಡುತ್ತಿತ್ತು. ಬಳಿಕ ರೇಖೆಯ ಮೇಲೆ ತೆಳುವಾದ ಬಿಳಿ ಲೇಪ, ಅದರ ಮೇಲೆ ಪದರ ಪದರವಾಗಿ ಬಣ್ಣ. ಕಾಗದವನ್ನು ಮಗುಚಿ ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಅಳಿಲಿನ ಕೂದಲಿನ ಕುಂಚದಿಂದ ಕೊನೆಯ ಗೆರೆಗಳು. ಚಿತ್ರ ಮುಗಿದಾಗ ಕಚ್ಚಾ ರೇಖೆಗಳೆಲ್ಲ ಬಣ್ಣದಡಿ ಮರೆಯಾಗುತ್ತಿದ್ದವು.

1609ರಲ್ಲಿ ಜಹಾಂಗೀರ್ ಈ ಕಲಾವಿದರಿಗೆ 2000 ರೂಪಾಯಿ ಬಹುಮಾನವಿತ್ತನು. ಇಷ್ಟು ಕೀರ್ತಿ ಬಂದ ಮೇಲೂ ಅವರು ಕಲಿಯುವುದನ್ನು ನಿಲ್ಲಿಸಲಿಲ್ಲ. 1615ರಲ್ಲಿ, 70ರ ವಯಸ್ಸಿನಲ್ಲಿ, ಯುರೋಪಿನ ಒಂದು ಮುದ್ರಿತ ಚಿತ್ರವನ್ನು ಮುಂದಿಟ್ಟುಕೊಂಡು ವೃದ್ಧ ಸೂಫಿಯೊಬ್ಬರ ಚಿತ್ರ ಬರೆದರು.

ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದೊಡನೆ ಇದು ನನ್ನಿಂದಾಗದು ಎಂದು ಪುಸ್ತಕ ಮುಚ್ಚುವ ಮಿತ್ರರು ನಮ್ಮಲ್ಲಿದ್ದಾರೆ. ಅದು ಕೇವಲ ಕಚ್ಚಾ ರೇಖೆ. ಬಿಳಿ ಬಣ್ಣ ಹಚ್ಚಿ ಮತ್ತೆ ಬರೆಯೋಣ.